ಹಾಲಿನ ಲೆಕ್ಕಕ್ಕೆ ಸಿಗದ ಹಸು

ಕಿರಂಗೂರಿನ ಕೊಟ್ಟಿಗೆಗಳಲ್ಲಿ ಈಗ ಸೀಮೆಹಸುಗಳದೇ ಯಜಮಾನಿಕೆ. ಕಪ್ಪು-ಬಿಳುಪಿನ ಎಚ್‌ಎಫ್, ಜಿಂಕೆಬಣ್ಣದ ಜೆರ್ಸಿ. ಡೈರಿಗೆ ಹಾಲು ಹಾಕುವ ಹೊತ್ತಿಗೆ ಮನೆಮಂದಿಯೆಲ್ಲ ಅವುಗಳ ಸೇವೆಗೆ ನಿಂತಿರುತ್ತಾರೆ. ಜೆರ್ಸಿ ಎನ್ನುವುದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಲ್ಲಿರುವ ಪುಟ್ಟ ದ್ವೀಪ. ಹೊರಗಿನ ದನ ಬಂದು ತಮ್ಮ ತಳಿ ಕೆಟ್ಟೀತೆಂದು ಅಲ್ಲಿಯವರು 1789ರಲ್ಲೇ ಕಾನೂನು ಮಾಡಿ ಬಾಗಿಲು ಹಾಕಿಕೊಂಡರು. ತಮ್ಮ ಹಸುಗಳನ್ನು ಮಾತ್ರ ಊರೂರಿಗೆ ಧಾರೆ ಎರೆದುಕೊಟ್ಟರು. ಆ ಮನೆತನದ ಮಗಳು ಈಗ ನಮ್ಮೂರಲ್ಲಿ ಕಬ್ಬಿನ ಸೋಗೆ ಅಗಿಯುತ್ತಾ ಫ್ಯಾನಿನ ಕೆಳಗೆ ನಿಂತಿದ್ದಾಳೆ.

ಅದೇ ಸಾಲಿನ ಕೊನೇ ಗೂಟದಲ್ಲಿ ಅಪರೂಪಕ್ಕೊಂದು ಹಳ್ಳಿಕಾರ್ ಹಸು. ಉದ್ದ ಮುಖ, ಉಬ್ಬಿದ ಹಣೆಯ ನಡುವೆ ಉದ್ದಕ್ಕೂ ಒಂದು ತಗ್ಗು, ಪುಟ್ಟ ಕಿವಿ, ಜೋಲದ ಗಂಗೆದೊಗಲು. ಕೊಂಬುಗಳು ಬುಡದಲ್ಲಿ ಒಂದಕ್ಕೊಂದು ಒತ್ತಿಕೊಂಡೇ ಹೊರಟು, ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮುಂದಕ್ಕೆ ನೋಡುತ್ತವೆ. ಗುರುತಿಲ್ಲದವರು ಹತ್ತಿರ ಹೋದರೆ ಮೊದಲು ಕಿವಿ ನಿಗುರುತ್ತದೆ, ಆಮೇಲೆ ಕೊಂಬು ಮಾತಾಡುತ್ತದೆ. ಕರು ಕುಡಿದು ಉಳಿದರೆ ನಮಗೊಂದು ಚೊಂಬು ಹಾಲು. "ಇದನ್ನ ಯಾಕೆ ಸಾಕ್ತೀರಿ ಗೌಡ್ರೇ?" ಎಂದು ಕೇಳುವವರಿಗೇನೂ ಬರವಿಲ್ಲ. ಹಳ್ಳಿಕಾರನ್ನು ಹಾಲಿಲ್ಲವೆಂದು ಹಳಿಯುವುದು ಅಂಚೆಯವನಿಗೆ ಅಡುಗೆ ಬರಲ್ಲ ಎಂದು ಬೈದ ಹಾಗೆ. ಇದನ್ನು ಬೆಳೆಸಿದವರು ಕೇಳಿದ್ದು ಕಾಲು, ಕೆಚ್ಚಲಲ್ಲ.

ಕೇಳಿದವರಾದರೂ ದೂರದವರೇ? ಶ್ರೀರಂಗಪಟ್ಟಣ ನಮ್ಮ ಪಕ್ಕದ್ದೇ. ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆಂದು ಬೆಣ್ಣೆ ಚಾವಡಿ ತೆರೆದರು. ಹೈದರ್ ಬೆಣ್ಣೆಯನ್ನು ಪಕ್ಕಕ್ಕಿಟ್ಟು ಅದೇ ದನಗಳ ಹಿಂದೆ ಫಿರಂಗಿ ಕಟ್ಟಿದ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟು, ಹುಕುಂ ಹೊರಡಿಸಿ, ಕಾವಲುಗಳನ್ನು ಬಂದೋಬಸ್ತು ಮಾಡಿದ. ಆ ಮಂದೆಯ ಮೂಲರಕ್ತದಲ್ಲಿ ಹಳ್ಳಿಕಾರಿನದೇ ದೊಡ್ಡ ಪಾಲು.

ಅದೇ ಕಾಲಕ್ಕೆ ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತ ಕೂಡ ದನ ಆರಿಸುತ್ತಾ ಕೂತಿದ್ದ. ಅವನ ಲಾಂಗ್‌ಹಾರ್ನ್‌ಗಳಿಗೂ ಕೊಂಬಿನ ಗತ್ತಿಗೆ ಕಮ್ಮಿಯಿಲ್ಲ, ಆದರೆ ಆತನ ಕಣ್ಣೆಲ್ಲ ಮಾಂಸದ ಮೇಲೆ. ಅವನ ಹಾದಿ ಹಿಡಿದ ಚಾರ್ಲ್ಸ್ ಕಾಲಿಂಗ್‌ನ ಕೊಟ್ಟಿಗೆಯಲ್ಲಿ 1796ರಲ್ಲಿ ಹುಟ್ಟಿದ 'ಡರ್ಹಮ್ ಎತ್ತು' ಎಷ್ಟು ಕೊಬ್ಬಿತೆಂದರೆ, ಅದಕ್ಕೆಂದೇ ಗಾಡಿ ಮಾಡಿಸಿ, ಕುದುರೆ ಕಟ್ಟಿ, ಊರೂರಿಗೆ ಒಯ್ದು ಕಾಸು ಪಡೆದು ತೋರಿಸಿದರು. ಎತ್ತು ಗಾಡಿ ಎಳೆಯುವುದು ಬಿಟ್ಟು ಗಾಡಿಯಲ್ಲಿ ಕೂರುವುದೆಂದರೆ! ನಮ್ಮ ಕಡೆಯ ಗೌಡರಿಗೆ ಹೇಳಿದರೆ ನನ್ನನ್ನೇ ಅನುಮಾನಿಸುತ್ತಾರೆ.

ಆದರೂ ಇಂಗ್ಲಿಷರಿಗೆ ಓಡುವ ಎತ್ತಿನ ಬೆಲೆ ಗೊತ್ತಾಗದೆ ಇರಲಿಲ್ಲ. 1799ರಲ್ಲಿ ಪಟ್ಟಣ ಬಿದ್ದಾಗ ಮಂದೆಯೂ ಅವರ ಕೈಸೇರಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಅದರ ಉಸ್ತುವಾರಿ ವಹಿಸಿಕೊಂಡ. 1860ರಲ್ಲಿ ಖರ್ಚು ಉಳಿಸುವ ಹುರುಪಿನಲ್ಲಿ ಮಂದೆಯನ್ನೇ ಮಾರಿಬಿಟ್ಟರು. ಫಿರಂಗಿ ಎಳೆಯಲು ಅಂಥ ಎತ್ತು ಮತ್ತೆಲ್ಲೂ ಸಿಗದೆ, 1866ರಲ್ಲಿ ಮತ್ತೆ ಹುಡುಕಿ ಹುಡುಕಿ ಕೊಂಡು ಮಂದೆ ಕಟ್ಟಿದರು. ಸರ್ಕಾರಿ ಉಳಿತಾಯದ ಚರಿತ್ರೆ ಬರೆಯುವವರು ಇದನ್ನು ಮೊದಲ ಅಧ್ಯಾಯಕ್ಕೇ ಹಾಕಬೇಕು.

ಆ ಡರ್ಹಮ್ ಎತ್ತಿನ ತಳಿಯಾದ ಶಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನು ಜಾರ್ಜ್ ಕೋಟ್ಸ್ 1822ರಲ್ಲೇ ಅಚ್ಚು ಹಾಕಿಸಿದ. ನಮ್ಮಲ್ಲಿ ಆ ಪುಸ್ತಕ ಯಜಮಾನರ ತಲೆಯೊಳಗಿದೆ. ಬೇಬಿಬೆಟ್ಟದ ಜಾತ್ರೆಗೋ ಹೇಮಗಿರಿಗೋ ಹೋದರೆ ಅದರ ಪುಟ ತೆರೆಯುತ್ತದೆ: ಯಾವ ಹೋರಿಯ ಮಗ, ತಾಯಿ ಯಾರ ಮನೆಯದು, ಸುಳಿ ಎಲ್ಲೆಲ್ಲಿದೆ. ತುಟಿ ಎತ್ತಿ ಎರಡು ಹಲ್ಲೋ ನಾಲ್ಕು ಹಲ್ಲೋ ನೋಡುತ್ತಾರೆ. ಆಮೇಲೆ ಟವೆಲ್ಲಿನ ಅಡಿಯಲ್ಲಿ ಕೈ ಕೈ ಹಿಡಿದು ಬೆರಳಲ್ಲೇ ವ್ಯಾಪಾರ. ಮುಖ ನೋಡಿದರೆ ಇಬ್ಬರೂ ಮಳೆ-ಬೆಳೆ ಮಾತಾಡುತ್ತಿರುವಂತೆ ಕಾಣುತ್ತಾರೆ, ಟವೆಲ್ಲಿನಡಿ ಲಕ್ಷಗಳು ಓಡಾಡುತ್ತಿರುತ್ತವೆ.

ಅಂಥದ್ದೊಂದು ಜಾತ್ರೆಯಲ್ಲಿ ಬೆಂಗಳೂರಿನಿಂದ ಬಂದವರೊಬ್ಬರು ಹಳ್ಳಿಕಾರ್ ಹಸುವಿನ ಮುಂದೆ ನಿಂತು, "ದಿನಕ್ಕೆ ಎಷ್ಟು ಲೀಟರು?" ಎಂದರು.

"ಹಾಲು ಕರೀಗೆ ಸ್ವಾಮಿ," ಎಂದರು ಯಜಮಾನರು. "ಕರ ಬೇಕಾದ್ರೆ ಹೇಳಿ, ಕೈ ಕೊಡಿ ಇಲ್ಲಿ."

ಟವೆಲ್ಲಿನಡಿ ಹೋದ ಕೈ ಬೇಗನೆ ಹೊರಗೆ ಬಂತು. ಅವರು ಎದುರಿನ ಅಂಗಡಿಯಲ್ಲಿ ಒಂದು ಪೊಟ್ಟಣ ಮಜ್ಜಿಗೆ ಕೊಂಡು ಕುಡಿದರು.