ಮಂಡಿ ಕೂಗುತ್ತೆ, ಲಿವರ್ ಕೂಗಲ್ಲ

ಆ ಡಬ್ಬಿ ಎಲ್ಲಿಟ್ಟಿದ್ದೀರಿ, ಹೇಳಿ ನೋಡೋಣ. ಅದೇ ಕಣ್ರೀ, ಬಿಸ್ಕತ್ತೊಂದು ಬಿಟ್ಟು ಬೇರೆಲ್ಲಾ ಇರೋ ಹಳೇ ಬಿಸ್ಕತ್ತಿನ ಡಬ್ಬಿ. ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು, ಹೆಸರೇ ಹರಿದುಹೋದ ಮಾತ್ರೆಗಳು, ಭಾವಮೈದುನನಿಗೆ ಬರೆದುಕೊಟ್ಟು ನಿಮಗೆ 'ಒಗ್ಗಿದ' ಗುಳಿಗೆ. (ಫ್ರಿಡ್ಜ್ ಮೇಲೆ ತಾನೆ? ಗೊತ್ತಿತ್ತು.)

ನಿಮ್ಮ ಮಂಡಿನೋವಿನ ಚರಿತ್ರೆ ಬೀದಿಗೆಲ್ಲಾ ಗೊತ್ತು. 2006ರಲ್ಲಿ ಚಿಕೂನ್‌ಗುನ್ಯಾ ಬಂದು ಊರೂರನ್ನೇ ಬಗ್ಗಿಸಿತ್ತಲ್ಲ, ಆವತ್ತಿಂದ ಶುರು ಅಂತ ನೀವು. 'ವಯಸ್ಸಾಯ್ತಲ್ಲ ಮಾವ' ಅಂತ ಸೊಸೆ. ಕಾರಣ ಏನೇ ಇರಲಿ, ಮಂಡಿ ಕೂಗಿದ ತಕ್ಷಣ ಕೈ ಡಬ್ಬಿಗೆ ಹೋಗುತ್ತೆ. ಡಬ್ಬಿಯಿಂದ ಬಾಯಿಗೆ.

ಇವತ್ತು ಒಂದು ಲೆಕ್ಕ ಮಾಡೋಣ ಬನ್ನಿ. ನೀವು ತರಕಾರಿಯವನ ಹತ್ರ ಒಂದು ರೂಪಾಯಿ ಬಿಡೋರಲ್ಲ, ಲೆಕ್ಕದಲ್ಲಿ ಪಕ್ಕಾ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಡೋಲೋ 650. (ನಮ್ಮ ಬೆಂಗಳೂರಿನ ಕಂಪನಿಯದೇ ಅಂತ ಹೆಮ್ಮೆ ಬೇರೆ.) ಪ್ಯಾರಸಿಟಮಾಲ್ ಎಷ್ಟಾಯ್ತು? 1950 ಮಿಲಿಗ್ರಾಂ. ಪರವಾಗಿಲ್ಲ.

ಮೂಳೆ ಡಾಕ್ಟ್ರು ಕೊಟ್ಟ ಜೀರೋಡಾಲ್ ಎಸ್‌ಪಿ ಎರಡು ಹೊತ್ತು. 'ಅದು ಬೇರೆ ಮಾತ್ರೆ ರೀ' ಅಂತೀರಿ. ಸ್ಟ್ರಿಪ್ ತಿರುಗಿಸಿ, ಕನ್ನಡಕ ಹಾಕ್ಕೊಳ್ಳಿ. ಅದರೊಳಗೂ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಕೂತಿದೆ. ಎರಡಕ್ಕೆ 650. ಮಳೆಯಲ್ಲಿ ನೆನೆದು ನೆಗಡಿ ಆಯ್ತು, ಸಿನಾರೆಸ್ಟ್ ಎರಡು, ಒಂದೊಂದರಲ್ಲಿ 500. ಸಂಜೆ ತಲೆ ಸಿಡೀತು, ಸಾರಿಡಾನ್ ಎರಡು, ಒಂದೊಂದರಲ್ಲಿ 250.

ಕೂಡಿಸಿದಿರಾ? 4100. ಆರೋಗ್ಯವಾಗಿರೋ ದೊಡ್ಡೋರಿಗೂ ದಿನಕ್ಕೆ 4000 ಮಿಲಿಗ್ರಾಂ ಮೇಲಿನ ಗೆರೆ, ಅದಕ್ಕಿಂತ ಹೆಚ್ಚು ಬೇಡ ಅಂತಾರೆ. ನಾಲ್ಕು ಬಣ್ಣದ, ನಾಲ್ಕು ಹೆಸರಿನ ಸ್ಟ್ರಿಪ್ಪುಗಳಿಂದ ನೀವು ತಿಂದಿದ್ದು ಒಂದೇ ಔಷಧಿ, ಗೆರೆಯನ್ನೂ ದಾಟಿದಿರಿ. ತರಕಾರಿಯವನು ಇದನ್ನ ನೋಡಿದ್ರೆ ಬಿದ್ದೂ ಬಿದ್ದೂ ನಗ್ತಿದ್ದ.

ಒಳಗೇನಾಗುತ್ತೆ ಗೊತ್ತಾ? ಪ್ಯಾರಸಿಟಮಾಲ್‌ನ ಬಹುಪಾಲನ್ನ ಲಿವರ್ ಸಲೀಸಾಗಿ ಸಾಗಹಾಕುತ್ತೆ. ಒಂದು ಸಣ್ಣ ಪಾಲು ಮಾತ್ರ ವಿಷದ ವಸ್ತು ಆಗುತ್ತೆ. ಅದನ್ನ ಅಡಗಿಸೋಕೆ ಗ್ಲುಟಾಥಯೋನ್ ಅಂತ ಒಂದು ದಾಸ್ತಾನು ಲಿವರ್‌ನಲ್ಲಿದೆ. ದಾಸ್ತಾನು ಮುಗೀತೋ, ವಿಷ ಲಿವರ್ ಕೋಶಗಳನ್ನೇ ಹಿಡಿಯುತ್ತೆ. ದಿನಾ ಕುಡಿಯೋರಲ್ಲಿ, ಕಾಯಿಲೆ ಜಾಸ್ತಿ ದಿನ ಎಳೆದು ಊಟ ಸೇರದೆ ಸೊರಗಿದೋರಲ್ಲಿ ಈ ದಾಸ್ತಾನು ಮೊದಲೇ ತೆಳು. ಅದಕ್ಕೇ ಅಂಥವರಿಗೆ ಡಾಕ್ಟ್ರು ಡೋಸ್ ಇಳಿಸೋದು.

ಇಷ್ಟಾದ್ರೂ ಲಿವರ್ ಒಂದು ಮಾತು ಆಡಲ್ಲ ನೋಡಿ. ಅದರ ಒಳಮೈಗೆ ನೋವು ಗೊತ್ತಾಗೋ ನರಗಳೇ ಇಲ್ಲ, ಊದಿಕೊಂಡು ಹೊರಗಿನ ಪೊರೆ ಎಳೆದಾಗ ಮಾತ್ರ ಪಕ್ಕೆಯಲ್ಲಿ ಭಾರ. ಮದುವೆಮನೇಲಿ ಗಲಾಟೆ ಮಾಡೋ ಬೀಗರ ಎಲೆಗೆ ಹೋಳಿಗೆ ಎರಡು ಜಾಸ್ತಿ ಬೀಳುತ್ತೆ, ಹಿತ್ತಲಲ್ಲಿ ಪಾತ್ರೆ ತೊಳೆಯೋನಿಗೆ ಊಟ ಆಯ್ತಾ ಅಂತ ಯಾರೂ ಕೇಳಲ್ಲ. ನಿಮ್ಮ ಮೈಯೊಳಗೂ ಅದೇ ಮರ್ಯಾದೆ ನಡೀತಿದೆ.

ಡೋಸ್ ಮಿತಿ ಮೀರಿ ಹೋದಾಗಲೂ ಮೊದಲ ದಿನ ಬರೋದು ಬರೀ ವಾಕರಿಕೆ, ಸುಸ್ತು. ಕೆಲವರಿಗೆ ಅದೂ ಇಲ್ಲ. ನೀವು ಅಸಿಡಿಟಿ ಅಂತ ಅದಕ್ಕೂ ಒಂದು ಗುಳಿಗೆ ನುಂಗ್ತೀರಿ. (ಹೌದೋ ಅಲ್ವೋ?) ಮಿತಿ ಮೀರಿದ ಪ್ಯಾರಸಿಟಮಾಲ್‌ಗೆ ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಮದ್ದಿದೆ, ಮೊದಲ ಎಂಟು ಗಂಟೆಯೊಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತೆ. ಹಾಗಾಗಿ ಜಾಸ್ತಿ ನುಂಗಿದ್ದು ಗೊತ್ತಾದ್ರೆ, ಆರಾಮಾಗಿದ್ದೀನಿ ಅಂತ ಧಾರಾವಾಹಿ ನೋಡ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ.

ಈಗ ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿದೆ, ಪ್ಯಾರಸಿಟಮಾಲ್ ಎಲ್ಲಾ ಕಸದಬುಟ್ಟಿಗೆ ಹಾಕೋ ಯೋಚನೆ. ನಿಲ್ಲಿ! ಲಿವರ್ ಕಾಯಿಲೆ ಇರೋರೇ ಹೀಗೆ ಹೆದರಿ, ಅದರ ಬದಲು ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ನುಂಗಿ ಎಡವಟ್ಟು ಮಾಡ್ಕೊಳ್ಳೋದು. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದೋರಿಗೆ ಆ ಮಾತ್ರೆಗಳಿಂದ ಕಿಡ್ನಿ ಕೈಕೊಡಬಹುದು, ಒಳಗೆ ರಕ್ತ ಸೋರಬಹುದು. ಅಂಥವರಿಗೆ ದಿನಕ್ಕೆ 2000 ಮಿಲಿಗ್ರಾಂ ಒಳಗಿನ ಪ್ಯಾರಸಿಟಮಾಲೇ ಎಷ್ಟೋ ವಾಸಿ ಅಂತ ಡಾಕ್ಟ್ರು ಬರೆಯೋದುಂಟು. ಬರೆಯೋದು ಡಾಕ್ಟ್ರು, ನಿಮ್ಮ ಭಾವಮೈದುನ ಅಲ್ಲ.

(ಡೈಕ್ಲೋಫೆನ್ಯಾಕ್ ಅಂದ್ರೆ ಸಾಮಾನ್ಯದ ಆಸಾಮಿ ಅಂದ್ಕೊಂಡ್ರಾ? ಹಸು ಎಮ್ಮೆಗಳ ನೋವಿಗೆ ಅದನ್ನ ಕೊಡ್ತಿದ್ರು. ಸತ್ತ ದನ ತಿಂದ ರಣಹದ್ದುಗಳು ಕಿಡ್ನಿ ಹೋಗಿ ರಾಶಿರಾಶಿ ಸತ್ತವು. 2006ರಲ್ಲಿ ಸರ್ಕಾರ ದನಗಳಿಗೆ ಕೊಡೋದನ್ನ ನಿಲ್ಲಿಸ್ತು. ನಮ್ಮ ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದುಗಳಿಗೆ ಅಂತಲೇ ಅಭಯಾರಣ್ಯ ಇದೆ. ಶೋಲೆ ಬೆಟ್ಟ ಅಂತ ಸೆಲ್ಫಿ ತಗೊಂಡು ಬಂದಿರಲ್ಲ, ಅದೇ ಊರು.)

'ಅದಕ್ಕೇ ನಾನು ಇಂಗ್ಲಿಷ್ ಮೆಡಿಸಿನ್ ಬಿಟ್ಟು ನ್ಯಾಚುರಲ್ಲಿಗೆ ಬಂದಿದ್ದೀನಿ' ಅಂತ ಮೂಲೆಯಿಂದ ಒಬ್ಬರು. ಬನ್ನಿ ಸ್ವಾಮಿ, ನಿಮ್ಮನ್ನೇ ಕಾಯ್ತಿದ್ದೆ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಲೋಟಗಟ್ಟಲೆ ಇಳಿಸಿದಿರಲ್ಲ? ಅದನ್ನ ತಗೊಂಡ ಕೆಲವರ ಲಿವರ್‌ಗೆ ಪೆಟ್ಟಾಗಿದೆ ಅಂತ 2021ರಲ್ಲಿ ಮುಂಬೈ ಡಾಕ್ಟ್ರುಗಳು ಬರೆದ್ರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಬೇರೆ ಬಳ್ಳಿ ಇರಬಹುದು ಅಂತು. ಜಗಳ ಅವರದ್ದು, ಲಿವರ್ ನಿಮ್ಮದು. ಕಷಾಯ ಕುಡಿಯೋ ವಿಷಯ ಡಾಕ್ಟ್ರಿಗೆ ಹೇಳೋಕೆ ಏನು ಕಷ್ಟ?

ಅರಿಶಿನದ ಕ್ಯಾಪ್ಸೂಲೂ ಹಾಗೇ. ಸಾರಿಗೆ ಹಾಕೋ ಚಿಟಿಕೆಯ ತಂಟೆಗೆ ನಾನು ಬರಲ್ಲ. ಕರಿಮೆಣಸಿನ ಸತ್ವ ಸೇರಿಸಿ, ಮೈಗೆ ಚೆನ್ನಾಗಿ ಹಿಡೀಲಿ ಅಂತ ಮಾಡಿದ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟ ಕೇಸುಗಳು ಅಮೆರಿಕದಲ್ಲಿ ದಾಖಲಾಗಿವೆ. ಇನ್ನು ಸಂತೆಯಲ್ಲಿ ಮಾರೋ ಹೆಸರಿಲ್ಲದ ಕೀಲುನೋವಿನ ಪುಡಿ ಎರಡೇ ದಿನಕ್ಕೆ ನಿಮ್ಮನ್ನ ಓಡಾಡೋ ಹಾಗೆ ಮಾಡಿದ್ರೆ ಖುಷಿಪಡಬೇಡಿ, ಅನುಮಾನಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತಗೊಳ್ಳೋ ಅಕ್ಕಂದಿರೇ, ನಿಮಗೊಂದು ಗುಟ್ಟು. ಅದು ವಾರಕ್ಕೊಂದೇ ಸಲ. ದಿನಾ ನುಂಗಿ ಪ್ರಾಣಕ್ಕೆ ತಂದ್ಕೊಂಡೋರಿದ್ದಾರೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಆ ದಿನಕ್ಕೂ ಒಂದು ಸುತ್ತು ಹಾಕಿ. ಡಾಕ್ಟ್ರು ಹೇಳಿದಾಗೆಲ್ಲ ಲಿವರ್ ಟೆಸ್ಟ್ ಮಾಡಿಸಿ. 'ಹೋದ ಸಲ ನಾರ್ಮಲ್ ಇತ್ತಲ್ಲ' ಅನ್ನೋ ವಾದ ಲ್ಯಾಬಿನಲ್ಲಿ ನಡೆಯಲ್ಲ.

ಅಂದಹಾಗೆ ಸ್ಕ್ಯಾನಿಂಗಿನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಬಂದಿತ್ತಲ್ಲ? 'ಎಲ್ರಿಗೂ ಇರುತ್ತೆ ಬಿಡ್ರಿ' ಅಂತ ಆ ರಿಪೋರ್ಟನ್ನ ಮಡಚಿ ಕಿಟಕಿ ಅಲ್ಲಾಡದ ಹಾಗೆ ಸಿಕ್ಕಿಸಿದ್ದೂ ನೀವೇ. ತೂಕ ಇಳಿಸಿದ್ರೆ ಆ ಕೊಬ್ಬೂ ಕರಗುತ್ತೆ, ಮಂಡಿ ಮೇಲಿನ ಭಾರವೂ ಇಳಿಯುತ್ತೆ. ತೊಡೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಫಿಸಿಯೋ ಹುಡುಗಿ ಹೇಳಿಕೊಟ್ಟಿದ್ಲಲ್ಲ, ಅದಕ್ಕೆ ಲಿವರ್‌ನ ಹಂಗಿಲ್ಲ. ಮಂಡಿಗೆ ಹಚ್ಚೋ ಜೆಲ್ಲೂ ನುಂಗೋ ಮಾತ್ರೆಗಿಂತ ಬಹಳ ಕಡಿಮೆ ರಕ್ತಕ್ಕೆ ಸೇರುತ್ತೆ.

ಎಲ್ಲಾ ಬೈಗುಳವೇ ಆಯ್ತು ಅಂತ ಮುಖ ಊದಿಸಬೇಡಿ, ಒಂದು ಸಿಹಿಸುದ್ದಿನೂ ಇದೆ. ಕಾಫಿ ಕುಡಿಯೋರಲ್ಲಿ ಸಿರೋಸಿಸ್ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ. (ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿ ಅಂತ ಎಲ್ಲೂ ಹೇಳಿಲ್ಲ, ಚಮಚ ಕೆಳಗಿಡಿ.)

ಸರಿ, ಆ ಡಬ್ಬಿ ಹಾಗೇ ಎತ್ಕೊಂಡು ಡಾಕ್ಟ್ರ ಹತ್ರ ಹೋಗಿ. ಪುಡಿ, ಕಷಾಯ, ಭಾವಮೈದುನನ ಗುಳಿಗೆ, ಎಲ್ಲಾ ಮೇಜಿನ ಮೇಲೆ ಸುರೀರಿ. ಅವರು ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿ, ಕನ್ನಡಕದ ಮೇಲಿಂದ ಕೇಳ್ತಾರೆ: 'ಡ್ರಿಂಕ್ಸ್ ಅಭ್ಯಾಸ ಇದೆಯಾ?'

'ಅಪರೂಪಕ್ಕೆ ಡಾಕ್ಟ್ರೇ' ಅಂತೀರಿ. ಪಕ್ಕದಲ್ಲಿ ಕೂತ ನಿಮ್ಮ ಯಜಮಾನ್ತಿ ಆಗ ಕೆಮ್ಮೋದು ನೆಗಡಿಗಲ್ಲ ಅಂತ ಡಾಕ್ಟ್ರಿಗೂ ಗೊತ್ತು. ಅವರು ಪೆನ್ ಎತ್ಕೊಂಡು, 'ನೀವು ಹೇಳೀಮ್ಮ, ಅಪರೂಪ ಅಂದ್ರೆ ವಾರಕ್ಕೆ ಎಷ್ಟು ಸಲ?' ಅಂತ ಆ ಕಡೆ ತಿರುಗ್ತಾರೆ.