ಗುಂಪುಯಾನ ಮೀಮಾಂಸೆ: ಟ್ರಿನಿಡಾಡ್ ಕಾಂಡ

ಗುಂಪು ಎಂಬ ಪದಾರ್ಥ ಇದೆಯೋ ಇಲ್ಲವೋ ಎಂಬ ಬಗ್ಗೆ ತಾರ್ಕಿಕರಲ್ಲಿ ಒಮ್ಮತವಿಲ್ಲ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ವಿಮಾನ ನಿಲ್ದಾಣದಲ್ಲಿ ನಿಂತಾಗ ಅದು ಪ್ರತ್ಯಕ್ಷ ಪ್ರಮಾಣಕ್ಕೆ ಸಿಗುತ್ತದೆ. ಬ್ಯಾಗು ಇಳಿಸಿಕೊಳ್ಳುವ ಹೊತ್ತಿಗೆ ಅನುಮಾನಕ್ಕೆ ಮಾತ್ರ. ಮುಂಗಡ ಕಟ್ಟುವ ದಿನ ಯಾವ ಪ್ರಮಾಣಕ್ಕೂ ಸಿಗುವುದಿಲ್ಲ. ಈ ಸೂಕ್ಷ್ಮವನ್ನು ಬಿಡಿಸಲು, ಫೆಬ್ರವರಿಯ ಟೊರಾಂಟೊದಿಂದ ಟ್ರಿನಿಡಾಡಿಗೆ ಹಾರಿದ ಕನ್ನಡಿಗರ ತಂಡವೊಂದನ್ನು ಇಲ್ಲಿ ಪರೀಕ್ಷೆಗೆ ಎತ್ತಿಕೊಂಡಿದೆ. ಅವರು ಕಾರ್ನಿವಲ್ ನೋಡಲು ಹೋದರು ಎಂಬುದು ಪೂರ್ವಪಕ್ಷ. ಹಾಗಲ್ಲ, ಹಿಮ ಗೋರುವ ಸಲಿಕೆಯಿಂದ ತಪ್ಪಿಸಿಕೊಳ್ಳಲು ಹೋದರು ಎಂಬುದು ಸಿದ್ಧಾಂತ.

ಮೊದಲು ಕಾಲನಿರ್ಣಯ. ಈಸ್ಟರ್ ಭಾನುವಾರದಿಂದ 47 ದಿನ ಹಿಂದಕ್ಕೆ ಎಣಿಸಿದರೆ ಕಾರ್ನಿವಲ್ ಮಂಗಳವಾರ. ಈಸ್ಟರ್ ಚಂದ್ರನ ಬಾಲ ಹಿಡಿದು ಓಡಾಡುವುದರಿಂದ ಇದೂ ಓಡಾಡುತ್ತದೆ: 2024ರಲ್ಲಿ ಫೆಬ್ರವರಿ 13, 2025ರಲ್ಲಿ ಮಾರ್ಚ್ 4. ಎರಡೆರಡು ಏಕಾದಶಿ, ಎರಡೆರಡು ಯುಗಾದಿ ಕಂಡು ನುರಿತ ನಮ್ಮವರಿಗೆ ಇದರಲ್ಲಿ ಹೊಸತೇನಿಲ್ಲ. ಹೊಸತಿರುವುದು ಇನ್ನೊಂದು ಕಡೆ. ಸೋಮವಾರ ಮಂಗಳವಾರಗಳೆರಡೂ ಅಲ್ಲಿ ಸರ್ಕಾರಿ ರಜೆಗಳ ಪಟ್ಟಿಯಲ್ಲೇ ಇಲ್ಲ. ಯಾರೂ ಕೆಲಸಕ್ಕೆ ಹೋಗುವುದಿಲ್ಲ, ಅಷ್ಟೆ. ಘೋಷಣೆಯಿಲ್ಲದೆ, ಟೈರು ಸುಡದೆ, ಇಡೀ ದೇಶ ಬಾಗಿಲು ಹಾಕುವ ಈ ವಿದ್ಯೆಯನ್ನು ನಮ್ಮ ಬಂದ್ ಶಾಸ್ತ್ರಜ್ಞರು ಹೋಗಿ ಕಲಿತು ಬರಬೇಕು.

ಅನ್ನಮಯ ಕೋಶದ ವಿಚಾರ. ತಂಡದ ಸಸ್ಯಾಹಾರ ಉಪಸಮಿತಿ ಒಂದು ಸೂಟ್‌ಕೇಸ್ ತುಂಬ ಅವಲಕ್ಕಿ, ಪುಳಿಯೋಗರೆ ಗೊಜ್ಜು ಹೊತ್ತಿತ್ತು. ವ್ಯರ್ಥ ಭಾರ. 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಕಬ್ಬಿನ ಗದ್ದೆಗೆಂದು ಮೊದಲ ಭಾರತೀಯ ಕರಾರು ಕೂಲಿಗಳನ್ನು ಅಲ್ಲಿ ಇಳಿಸಿತು. 1917ರವರೆಗೆ ಲಕ್ಷಕ್ಕೂ ಮಿಕ್ಕಿ ಜನ ಬಂದರು. ಅವರ ಮೊಮ್ಮಕ್ಕಳ ಕೈಯಡುಗೆ ಈಗ ರಸ್ತೆರಸ್ತೆಯಲ್ಲಿ ಸಿಗುತ್ತದೆ. ಹೆಸರು ಡಬಲ್ಸ್. ಅರಿಶಿನ ಬಣ್ಣದ ಮೆತ್ತನೆಯ ಬಾರಾ ರೊಟ್ಟಿ ಎರಡು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಕಾಗದದ ಮೇಲೆ ಬೀಳುತ್ತವೆ. ಮೇಲೊಂದು ಸೌಟು ಕಡಲೆ, ಹುಣಸೆ ಚಟ್ನಿ, ಸೌತೆ. ಖಾರ ಎಷ್ಟು ಎಂದು ಮಾರುವವ ಕೇಳುತ್ತಾನೆ. ‘ಸ್ಲೈಟ್’ ಎನ್ನುವುದು ಜಾಣತನ. ‘ನಾವು ಬ್ಯಾಡಗಿ ಕಡೆಯವರು’ ಎಂದು ಎದೆಯುಬ್ಬಿಸಿದ ಸದಸ್ಯರೊಬ್ಬರು ಮುಂದಿನ ಅರ್ಧ ತಾಸು ಮೌನವ್ರತ ಹಿಡಿದರು. ಬ್ಯಾಡಗಿಯದು ಬಣ್ಣ, ಖಾರವಲ್ಲ ಎಂಬುದನ್ನು ಅವರು ಊರು ಬಿಟ್ಟು ಬಂದ ಮೇಲೆ ಮರೆತಿದ್ದರು.

ನಾದದ ಉತ್ಪತ್ತಿ ಗಂಭೀರ ವಿಷಯ, ಇಲ್ಲಿ ನಗು ಕೊಂಚ ಹೊತ್ತು ಬದಿಗಿರಲಿ. 1881ರಲ್ಲಿ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಬೇಕರ್ ಬಿಡುಗಡೆ ಪಡೆದ ಗುಲಾಮರ ಮಕ್ಕಳ ಕಾನ್‌ಬುಲೆ ಪಂಜಿನ ಮೆರವಣಿಗೆಯನ್ನು ತಡೆಯಹೋದ. ಜನ ದೊಣ್ಣೆ ಹಿಡಿದು ಎದುರು ನಿಂತರು. 1884ರ ಹೊತ್ತಿಗೆ ಸರ್ಕಾರ ಡೋಲನ್ನೇ ಅಡಗಿಸಿತು. ಜನ ಬಿದಿರಿನ ಬೊಂಬು ನೆಲಕ್ಕೆ ಕುಟ್ಟಿದರು. ಆಮೇಲೆ ಬಿಸ್ಕತ್ ಡಬ್ಬ ಬಡಿದರು, 1930ರ ದಶಕದಿಂದೀಚೆಗೆ ಲೋಹದ ಡಬ್ಬದಲ್ಲೇ ಸ್ವರ ಹುಡುಕಿ, ಕೊನೆಗೆ ಎಣ್ಣೆ ಪೀಪಾಯಿಯ ತಳವನ್ನು ತಗ್ಗಿಸಿ, ಬಡಿದು, ಶ್ರುತಿ ಕೂಡಿಸಿದರು. ಅದೇ ಸ್ಟೀಲ್‌ಪ್ಯಾನ್. ಕ್ವೀನ್ಸ್ ಪಾರ್ಕ್ ಸವಾನಾದಲ್ಲಿ ನಡೆಯುವ ಪನೋರಮಾ ಸ್ಪರ್ಧೆಯಲ್ಲಿ ದೊಡ್ಡ ತಂಡವೆಂದರೆ ನೂರರ ಆಸುಪಾಸು ವಾದಕರು, ಎದುರಿಗೆ ಸ್ವರಲಿಪಿಯ ಹಾಳೆ ಕಾಣದು, ತಾಳ ಒಂದಿಷ್ಟೂ ಜಾರದು. ಭಜನೆಯಲ್ಲಿ ಕೂಡ ಒಟ್ಟಿಗೆ ಚಪ್ಪಾಳೆ ತಟ್ಟಲಾರದ ನಮ್ಮ ತಂಡ ಬಾಯಿ ಕಳೆದು ಕೂತಿತು.

ಕ್ಷೇತ್ರದರ್ಶನದಲ್ಲಿ ಒಂದು ಅಪವಾದ. 1971ರಲ್ಲಿ ಲಾರ್ಡ್ ರಿಲೇಟರ್ ಗಾವಸ್ಕರ್ ಮೇಲೆ ಕ್ಯಾಲಿಪ್ಸೊ ಕಟ್ಟಿ ಹಾಡಿದ್ದು ಜಗದ್ವಿದಿತ. ಆದರೆ 1976ರಲ್ಲಿ ಟ್ರಿನಿಡಾಡಿನ ಕ್ರಿಕೆಟ್ ಮೈದಾನ ಓವಲ್‌ನಲ್ಲಿ ಭಾರತ 403 ರನ್ ಗುರಿ ಬೆನ್ನಟ್ಟಿ ಗೆದ್ದಾಗ ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, 112 ಹೊಡೆದಿದ್ದರಲ್ಲ ಎಂದು ಹಿರಿಯರೊಬ್ಬರು ಗೇಟಿನ ಮುಂದೆ ನಿಂತು, ಛತ್ರಿ ಹಿಡಿದು, ಸ್ಕ್ವೇರ್ ಕಟ್‌ನ ವ್ಯಾಖ್ಯಾನಕ್ಕಿಳಿದರು. ಕೇಳುತ್ತಿದ್ದವನು ತೆಂಗಿನಕಾಯಿ ಮಾರುವವ. ತಂಡದ ವ್ಯಾನು ಅಷ್ಟರಲ್ಲಿ ಹೋಗಿತ್ತು.

ಇನ್ನು ಮುಖ್ಯ ಅಧಿಕರಣ, ಜೂವೇ. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಕತ್ತಲಲ್ಲೇ ಶುರು. ಮೈಗೆ ಕೆಸರು, ಬಣ್ಣ, ಎಣ್ಣೆ. ಒಂದು ತಾಸಿನೊಳಗೆ ಟೀ ಶರ್ಟ್ ಬಣ್ಣ ಹೋಯಿತು, ಹೆಸರು ಹೋಯಿತು, ಸಾಫ್ಟ್‌ವೇರ್ ಆರ್ಕಿಟೆಕ್ಟ್ ಯಾರು, ಅವರ ಮಾವ ಯಾರು ಎಂಬ ಭೇದವೂ ಹೋಯಿತು. ಖಜಾಂಚಿ ತಲೆ ಎಣಿಸಿದರು. ವೇದಾಂತದ ಕಥೆಯಲ್ಲಿ ಹೊಳೆ ದಾಟಿದ ಹತ್ತು ಮಂದಿ ತಮ್ಮನ್ನು ತಾವೇ ಬಿಟ್ಟು ಎಣಿಸಿ ಒಂಬತ್ತಾಯಿತೆಂದು ಅತ್ತರು. ಇಲ್ಲಿ ಒಂದು ತಲೆ ಹೆಚ್ಚಾಯಿತು. ಇದಕ್ಕೆ ಅಳಬೇಕೋ ನಗಬೇಕೋ, ಯಾವ ಭಾಷ್ಯಕಾರರೂ ಹೇಳಿಲ್ಲ. ಹೆಚ್ಚಿನ ತಲೆ ಸ್ಥಳೀಯರೊಬ್ಬರದು. ಕೆಸರಿನಡಿಯಿಂದ ಎಲ್ಲದಕ್ಕೂ ‘ಹೂಂ’ ಎನ್ನುತ್ತ, ತಿಂಡಿಯವರೆಗೂ ನಮ್ಮವರಾಗೇ ಇದ್ದು, ನಮ್ಮವರಿಗಿಂತ ಚೆನ್ನಾಗಿ ಕುಣಿದರು.

ಮಂಗಳವಾರದ ಗರಿ, ಮಣಿ, ಕೈಪಟ್ಟಿ, ಹಗ್ಗದ ಬೇಲಿಯೊಳಗಿನ ವೇಷಗಳದು ಬೇರೆ ಶಾಸ್ತ್ರ. ತಿಂಗಳುಗಳ ಮುಂಚೆ ದುಡ್ಡು ಕಟ್ಟಿದವರಿಗೆ ಮಾತ್ರ ಅಲ್ಲಿ ಅಧಿಕಾರ, ಮುಂಗಡದ ವಿಷಯದಲ್ಲಿ ನಮ್ಮ ತಂಡದ ನಿಲುವು ಮೇಲೆಯೇ ಹೇಳಿದೆ.

ಬೂದಿ ಬುಧವಾರ ಊರೆಲ್ಲ ಸಮುದ್ರಕ್ಕೆ ಹೋಗುತ್ತದೆ. ಮರಾಕಸ್ ಬೀಚಿನಲ್ಲಿ ಬೇಕ್ ಅಂಡ್ ಶಾರ್ಕ್, ಅಂದರೆ ಕರಿದ ರೊಟ್ಟಿಯ ನಡುವೆ ಕರಿದ ಶಾರ್ಕ್ ಮೀನು, ಬಂತು. ಹಿಂದೆಯೇ ಬಿಲ್ಲೂ ಬಂತು. ತಕ್ಷಣ ಕರಗಿಹೋಗಿದ್ದ ಗುಂಪು ಪುನರುತ್ಪತ್ತಿಯಾಯಿತು, ಸಮಪಾಲು ಎಂದರು ಖಜಾಂಚಿ. ಉಪಸಮಿತಿ ಒಳಗಿನ ಶಾರ್ಕ್ ತೆಗೆಸಿ ಬರೀ ರೊಟ್ಟಿ, ಹುಣಸೆ ಚಟ್ನಿ ತಿಂದಿತ್ತು. ಶಾರ್ಕ್ ತಿನ್ನದವನು ಶಾರ್ಕಿನ ಪಾಲು ಕೊಡಬೇಕೆ? ಕೊಡಬೇಕಿಲ್ಲ ಎಂದು ಒಂದು ಪಕ್ಷ. ತೆಗೆಸಿದ ಶಾರ್ಕನ್ನು ಉಪಸಮಿತಿಯ ಅಧ್ಯಕ್ಷರೇ ಬಂಡೆಯ ಹಿಂದೆ ತಿಂದರು ಎಂದು ಇನ್ನೊಂದು ಪಕ್ಷ. ವಾದ ವಿಮಾನದಲ್ಲೂ ಮುಂದುವರಿದು, ಟೊರಾಂಟೊದ ಹಿಮದಲ್ಲಿ ಟ್ಯಾಕ್ಸಿ ಕಾಯುವಾಗಲೂ ಇತ್ಯರ್ಥವಾಗಿರಲಿಲ್ಲ.