ಒದೆ ತಿಂದ ಬೆನ್ನು

ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತ ನಿಂತಿದ್ದ ನನ್ನನ್ನು ನೋಡಿ ಹೆಂಡತಿ, "ಎಮ್ಮಿ ಆಗಿದ್ರ ಹಾಲರ ಕೊಡ್ತಿತ್ತು" ಎಂದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎಡಗಡೆಯ ರೆಕ್ಕೆ ಎಲುಬಿನ ಒಳಮಗ್ಗುಲಿಗೆ ಎರಡು ಬೆರಳಗಲದ ಒಂದು ಜಾಗವಿದೆ. ಸ್ವಂತ ಕೈ ಮೇಲಿನಿಂದ ಹೋದರೂ ಮುಟ್ಟದು, ಕೆಳಗಿನಿಂದ ಹೋದರೂ ಎಟುಕದು. ಮನುಷ್ಯನ ಸೊಕ್ಕಡಗಿಸಲೆಂದೇ ದೇವರು ಬಿಟ್ಟಿರುವ ಆ ಜಾಗದಲ್ಲಿ ಮೂರು ತಿಂಗಳಿಂದ ಯಾರೋ ದಬ್ಬಣ ಆಡಿಸುತ್ತಿದ್ದರು.

ಬೆಳಗಾವಿಯ ನಮ್ಮ ಹಿಂದವಾಡಿಯಲ್ಲಿ ಹಿಂದಿನ ನೋವನ್ನು ಬಚ್ಚಿಡುವುದು ಕಷ್ಟ. ಬೆಳಿಗ್ಗೆ ಗೋವಾವೇಸ್‌ ತನಕ ನಡೆದು ಬರುವಷ್ಟರಲ್ಲಿ ಐದು ಮಂದಿ ಐದು ರೋಗ ಕಂಡುಹಿಡಿದರು. "ಗ್ಯಾಸ್ ಅದು, ಓಂಕಾಳು ತಿನ್ರಿ." "ವಾತರೀ." "ದಿಂಬು ಬದಲಿ ಮಾಡ್ರಿ." ಒಬ್ಬರಂತೂ ಮಹಾವೀರ ಭವನದ ಹತ್ತಿರ ತಡೆದು ನಿಲ್ಲಿಸಿ, ತಮ್ಮ ಮೈದುನನಿಗೂ ಥೇಟ್ ಇದೇ ಎಡಗಡೆಯೇ ನೋಯುತ್ತಿತ್ತೆಂದರು. "ಆಮ್ಯಾಲ ಏನಾತ್ರಿ?" ಎಂದೆ. "ಎರಡ ದಿನದಾಗ ಹೋದ" ಎಂದವರೇ ಕೊತ್ತಂಬರಿ ಕಟ್ಟು ಚೌಕಾಶಿ ಮಾಡಲು ಹೋದರು. ಇಂಥವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ರಾತ್ರಿಯೆಲ್ಲ ಎದ್ದು ಕೂತು ಎಲ್‌ಐಸಿ ಕಾಗದಗಳ ಜಾಗವನ್ನು ಹೆಂಡತಿಗೆ ತೋರಿಸಿಕೊಟ್ಟೆ.

ಬೆಳಗಾದ ಮೇಲೆ ಇಸಿಜಿ ಆಯಿತು. "ಎದೆ ಬಿಗಿತ, ಬೆವರು, ಏದುಸಿರು ಜೋಡಿ ಬಂದ್ರ ತಡ ಮಾಡಬ್ಯಾಡ್ರಿ. ನಿಮ್ಮದು ಬರೀ ಸ್ನಾಯು" ಎಂದರು ಡಾಕ್ಟರು. ಸಾವಿನ ಬಾಗಿಲಿನಿಂದ ಮರಳಿದವನಿಗೆ ಈ 'ಬರೀ' ಎಂಬ ಮಾತು ಸ್ವಲ್ಪ ಅವಮಾನವೆನಿಸಿತು.

ಅಲ್ಲಿಂದ ನನ್ನನ್ನು ಸಾಗಹಾಕಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗನ ಬಳಿಗೆ. ಆತ ಬಿಲ್ಲಿನ ಹಿಂಬದಿಯಲ್ಲಿ ನನ್ನ ಹಿಂಬದಿಯ ನಕ್ಷೆ ಬರೆದ. ರೆಕ್ಕೆ ಎಲುಬು ಪಕ್ಕೆಲುಬುಗಳಿಗೆ ಕೀಲು ಹಾಕಿ ಕೂಡಿಸಿದ್ದಲ್ಲವಂತೆ. ಮುಂಡದ ಜೊತೆ ಅದಕ್ಕಿರುವ ಎಲುಬಿನ ನಂಟು ಮುಂದಿನ ಕಾಲರ್ ಎಲುಬೊಂದೇ. ಮಿಕ್ಕಂತೆ 17 ಸ್ನಾಯುಗಳು ದಿಕ್ಕುದಿಕ್ಕಿಗೆ ಜಗ್ಗಿ ಹಿಡಿದಿರುವುದರಿಂದಲೇ ಅದು ಜಾಗದಲ್ಲಿ ನಿಂತಿದೆ. ಕುತ್ತಿಗೆಯಿಂದ ಇಳಿದು ರೆಕ್ಕೆಯ ಮೇಲ್ಮೂಲೆಯನ್ನು ಬಾವಿಹಗ್ಗದಂತೆ ಎತ್ತುವುದು ಲಿವೇಟರ್ ಸ್ಕ್ಯಾಪುಲೆ. ಬೆನ್ನೆಲುಬಿಗೂ ರೆಕ್ಕೆಗೂ ನಡುವೆ ದೀಪಾವಳಿಯ ಶಂಕರಪಾಳಿಯ ಆಕಾರದಲ್ಲಿರುವುದು ರಾಂಬಾಯ್ಡ್. ಇವೆರಡರ ಮೇಲೂ ಸನ್ಮಾನದ ಶಾಲಿನಂತೆ ಹೊದ್ದುಕೊಂಡಿರುವುದು ಟ್ರಪೀಜಿಯಸ್.

"ನಿಮ್ಮ ಶಂಕರಪಾಳಿ ಅಳಾಕ ಹತ್ತೈತಿ ಸರ್. ಆದ್ರ ಕಳ್ಳ ಮುಂದ ಅದಾನ."

ಕಳ್ಳನೆಂದರೆ ಎದೆಯ ಸ್ನಾಯು. ದಿನವಿಡೀ ಮುಂದಕ್ಕೆ ಬಾಗಿ ಲ್ಯಾಪ್‌ಟಾಪ್ ಕುಟ್ಟುವವರಲ್ಲಿ ಅದು ಮುದುಡಿ ಗಿಡ್ಡಾಗಿ ಹೆಗಲನ್ನು ಮುಂದಕ್ಕೆಳೆಯುತ್ತದೆ. ಹಿಂದಿನ ಬಡಪಾಯಿ ಎಳೆಸಿಕೊಂಡೇ ದುಡಿದು ದುಡಿದು ಗಂಟಾಗುತ್ತದೆ. ಕೆಲವೊಮ್ಮೆ ಗಂಟು ಕುತ್ತಿಗೆಯ ಸ್ನಾಯುವಿನಲ್ಲಿರುತ್ತದೆ, ನೋವು ಮಾತ್ರ ರೆಕ್ಕೆಯ ಒಳಗೆ ಬಂದು ಕೂರುತ್ತದೆ. ಇಂಥ ಗಂಟುಗಳ ನಕ್ಷೆಯನ್ನೇ ಬರೆದ ಜಾನೆಟ್ ಟ್ರಾವೆಲ್ ಎಂಬಾಕೆ 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದರು. ಆತನ ಬೆನ್ನಿಗೆ ತೂಗುಕುರ್ಚಿ ಹೇಳಿದವರೂ ಅವರೇ.

ಇನ್ನು ತಲೆ. ನೆಟ್ಟಗಿದ್ದರೆ ನಾಲ್ಕೂವರೆ, ಐದು ಕೆಜಿ. ಮೊಬೈಲಿಗೆಂದು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಭಾರ ಸುಮಾರು 27 ಕೆಜಿ ಎಂದು ನ್ಯೂಯಾರ್ಕಿನ ಸರ್ಜನ್ ಒಬ್ಬರು 2014ರಲ್ಲಿ ಲೆಕ್ಕ ಹಾಕಿದ್ದಾರಂತೆ. 25 ಕೆಜಿ ಅಕ್ಕಿಚೀಲವನ್ನು ಒಳಗೆ ತಂದಿಡಲಿಲ್ಲವೆಂದು ಅಂಗಡಿಯ ಹುಡುಗನ ಮೇಲೆ ಹರಿಹಾಯುವ ನಾನು, ಅದಕ್ಕಿಂತ ಹೆಚ್ಚಿನ ಭಾರ ಹೊತ್ತುಕೊಂಡು ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡುತ್ತಿದ್ದೆ.

ಫಿಸಿಯೋ ಹುಡುಗ ಹೇಳಿದ ಮದ್ದು ಇಷ್ಟು: ಬಾಗಿಲ ಚೌಕಟ್ಟಿಗೆ ಮೊಳಕೈ ಊರಿ ಎದೆ ಹಿಗ್ಗಿಸಬೇಕು, ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಚೆಂಡಿಟ್ಟು ಉರುಳಿಸಬೇಕು, ಅರ್ಧ ಗಂಟೆಗೊಮ್ಮೆ ಏಳಬೇಕು. "ಹೆಂಗ ಕೂಡಬೇಕಂತ ನಿಮ್ಮ ಓಣಿಯೊಳಗ ರಾನಡೆ ಮಂದಿರಕ್ಕ ಹೋಗಿ ನೋಡ್ರಿ" ಎಂದ ಹುಡುಗ. ಗುರುದೇವ ರಾನಡೆಯವರ ಮಂದಿರದಲ್ಲಿ ನೆಟ್ಟಗೆ ಧ್ಯಾನಕ್ಕೆ ಕೂತವರ ನಡುವೆ ನಾನೂ ಕೂತೆ. ಹತ್ತು ನಿಮಿಷಕ್ಕೆ ನನ್ನ ಬೆನ್ನು ತಾನಾಗಿ ಗೋಡೆ ಹುಡುಕಿಕೊಂಡು ಹೋಯಿತು.

ಎಣ್ಣೆಯೂ ಇಲ್ಲದ, ದೇವರೂ ಇಲ್ಲದ ಈ ಚಿಕಿತ್ಸೆಯಲ್ಲಿ ಹೆಂಡತಿಗೆ ನಂಬಿಕೆ ಹುಟ್ಟಲಿಲ್ಲ. ಖಾನಾಪುರದ ತವರಿನಲ್ಲಿ ಭತ್ತದ ನಾಟಿ ಹೊತ್ತಿಗೆ ಯಾರ ಬೆನ್ನು ಹಿಡಿದುಕೊಂಡರೂ ಪಾಯಾಳು ಕರೆಸುತ್ತಿದ್ದರಂತೆ. ಪಾಯಾಳು ಎಂದರೆ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು; ಅಂಥವರು ಒದ್ದರೆ ಚಳಕು ಬಿಡುತ್ತದಂತೆ. ವಿಚಾರವಾದಿ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ನಾನು, "ಎಷ್ಟ ಹೊತ್ತಿಗೆ ಬರ್ತಾರ?" ಎಂದೆ.

ವಡಗಾವಿಯಿಂದ ಬಂದ ಹೆಂಗಸಿಗೆ ಐವತ್ತರ ಆಸುಪಾಸು. ಪವರ್‌ಲೂಮಿನ ಸದ್ದಿನಲ್ಲೇ ಆಯುಷ್ಯ ಕಳೆದವರಿಗೆ ಮೆಲ್ಲಗೆ ಮಾತಾಡಿ ಗೊತ್ತಿರುವುದಿಲ್ಲ. ಪಡಸಾಲೆಯ ಜಮಖಾನೆಯ ಮೇಲೆ ನಾನು ಬೋರಲು ಬಿದ್ದ ಕೂಡಲೇ, "ಎಲ್ಲಿ ಒದೀಲ್ರೀ ಸಾಹೇಬ್ರ?" ಎಂದು ಕೇಳಿದ್ದು ಇಡೀ ಓಣಿಗೆ ಮುಟ್ಟಿತು. ಎದುರು ಮನೆಯ ಕಿಟಕಿ ತೆರೆಯಿತು.

"ಎಡಕ್ಕ."

"ನನ್ನ ಎಡಕ್ಕೋ ನಿಮ್ಮ ಎಡಕ್ಕೋ?"

ತೀರ್ಮಾನವಾಗುವಷ್ಟರಲ್ಲಿ ಇನ್ನೊಂದು ತೊಡಕು. ವಯಸ್ಸಿನಲ್ಲಿ ಹಿರಿಯರಿಗೆ ಕಾಲು ತಾಕಿಸುವುದು ಪಾಪ. ಹಾಗಾಗಿ ಆಕೆ ಮೊದಲು ನನ್ನ ಪಾದಕ್ಕೆ ನಮಸ್ಕಾರ ಮಾಡಿದಳು. ಆಮೇಲೆ ಒದ್ದಳು. ಹೂ ಇಟ್ಟಂಥ ಒದೆ. "ಇನ್ನ ಸ್ವಲ್ಪ ಜೋರ್ ಒದಿಯವಾ" ಎಂದಳು ನನ್ನ ಹೆಂಡತಿ, ಬೇಕಾದದ್ದಕ್ಕಿಂತ ಹೆಚ್ಚು ಉತ್ಸಾಹದಿಂದ. ಮತ್ತೆ ನಮಸ್ಕಾರ. ಎರಡನೆಯ ಒದೆಗೆ ಕಾಲು ಎತ್ತುವುದಕ್ಕೂ ಗೇಟಿನಲ್ಲಿ ಕೊರಿಯರ್ ಹುಡುಗ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಬೆನ್ನು ನೆಟ್ಟಗಿಡುವ ಬೆಲ್ಟು, ನಾನೇ ತರಿಸಿದ್ದು.

"ಸರ್, ಓಟಿಪಿ."

ಮೊಬೈಲು ನನ್ನ ಹೊಟ್ಟೆಯ ಕೆಳಗಿತ್ತು. ಏಳೋಣವೆಂದರೆ ಪಾಯಾಳುವಿನ ಕಾಲು ಬೆನ್ನ ಮೇಲೆ. ಮೂರು ಒದೆ ಮುಗಿಯದೆ ಇಳಿಸಿದರೆ ನೋವು ಇಮ್ಮಡಿಯಾಗುತ್ತದೆಂದು ಇಬ್ಬರು ಹೆಂಗಸರೂ ಒಕ್ಕೊರಲಿನಿಂದ ಹೇಳಿದರು. ಹೀಗೆ, ಒಂದು ಕಾಲಿನ ಕೆಳಗೆ ಆಮೆಯಂತೆ ಕತ್ತು ಚಾಚಿ, ಹೊಟ್ಟೆಯಡಿಯಿಂದ ಮೊಬೈಲು ಎಳೆದು ನಾಲ್ಕು ಅಂಕಿಗಳನ್ನು ಓದಿದೆ. ಕೊನೆಯದು ಏಳೋ ಒಂದೋ ಕನ್ನಡಕವಿಲ್ಲದೆ ತಿಳಿಯಲಿಲ್ಲ. "ತಪ್ಪೈತ್ರಿ ಸರ್" ಎಂದ ಹುಡುಗ. ಆಕೆ ಕಾಲು ಇಳಿಸದೆಯೇ ಬಗ್ಗಿ ನೋಡಿ, "ಏಳ ಐತಲ್ರೀ!" ಎಂದು ವಡಗಾವಿಗೆ ಕೇಳುವಂತೆ ಸಾರಿದಳು. ಮೂರನೆಯ ಒದೆಗೆ ಮೊದಲು ಕೊರಿಯರ್ ಹುಡುಗನೂ ಕೈಮುಗಿದ. ಯಾರಿಗೆಂದು ತಿಳಿಯಲಿಲ್ಲ.

ನೋವು ಎರಡು ದಿನ ನಿಜಕ್ಕೂ ಇರಲಿಲ್ಲ. "ಅರ್ಧ ತಾಸು ರೀಲ್ಸ್ ಬಿಟ್ಟು ಮಲಗಿದ್ರೆಲ್ಲ, ಅದಕ್ಕ" ಎಂದ ಫಿಸಿಯೋ ಹುಡುಗ, ನಗು ತಡೆದುಕೊಳ್ಳದೆ.

ಆದರೆ ಹೇಳಬೇಕಾದದ್ದು ಅದಲ್ಲ. ಒದೆ ಮುಗಿದು ಚಹಾ ಕೊಟ್ಟಾಗ ಆಕೆ ಎಡಗೈ ಚಾಚಿದಳು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಕತ್ತು ಬಗ್ಗಿಸಿ ಮಗ್ಗಕ್ಕೆ ನೂಲಿನ ಕಂಡಕಿ ಸುತ್ತುತ್ತಿದ್ದಾಳೆ. ಮೂರು ತಿಂಗಳ ನನ್ನ ಸ್ನಾಯುವಿಗೆ ಇಸಿಜಿ, ನಕ್ಷೆ, ಬೆಲ್ಟು.

"ನಿಮಗ ಬೆನ್ನ ನೋಯಂಗಿಲ್ಲೇನ್ರಿ?" ಎಂದೆ.

"ನೋಯ್ತದ್ರಿ." ಮೊದಲ ಸಲ ಆಕೆಯ ದನಿ ತಗ್ಗಿತ್ತು. "ನಮ್ಮ ಕಡೆ ಪಾಯಾಳು ಅಂದ್ರ ನಾ ಒಬ್ಬಾಕೀನ. ನನಗ ಯಾರ ಒದೀಬೇಕ್ರಿ?"

ಬೆಲ್ಟನ್ನು ಡಬ್ಬಿಯ ಸಮೇತ ಆಕೆಯ ಕೈಗಿಟ್ಟೆ. ಉದಾರಿಯಾದೆನೆಂದು ಒಂದು ಕ್ಷಣ ಎದೆ ಹಿಗ್ಗಿತು. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹಾಕ್ಕೊಂಡ್ರ ಕೈ ಮುಂದ ಬರಂಗಿಲ್ರಿ. ಕಂಡಕಿ ಯಾರ ಸುತ್ತತಾರ?" ಎಂದು ಟೀಪಾಯಿಯ ಮೇಲಿಟ್ಟು ಹೋದಳು.